ಕಾಫಿಯೇ ಬೆಳೆಯದ ಊರಿನಲ್ಲಿ ನಮ್ಮ ಕಾಫಿಯ ರೇಟು

(ಮಡಿಕೇರಿಯಲ್ಲಿ ಬೆಳೆಗಾರರು, ಮೇಷ್ಟ್ರುಗಳು, ಕಾಲೇಜು ಮಕ್ಕಳು ಸೇರಿದ್ದ ಒಂದು ಸಭೆಯಲ್ಲಿ ಲಂಡನ್ ನಗರದ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜನವರಿ, ಫೆಬ್ರವರಿಯಲ್ಲಿ ಸಿದ್ದಾಪುರದಲ್ಲೋ ಗೋಣಿಕೊಪ್ಪದಲ್ಲೋ ಇಬ್ಬರು ಬೆಳೆಗಾರರು ಎದುರಾದರೆ ಏನು ಕೇಳಿಕೊಳ್ಳುತ್ತಾರೆ? "ಇವತ್ತು ಲಂಡನ್ ಎಷ್ಟು?" ಅಷ್ಟೇ. ಕಣದಲ್ಲಿ ರೋಬಸ್ಟಾ ಜಾತಿಯ ಕಾಫಿ ಹಣ್ಣು, ಅಂದರೆ ಚೆರಿ, ಒಣಗ್ತಾ ಇರುತ್ತದೆ. ಮಧ್ಯಾಹ್ನ ಎರಡೂವರೆಗೆ, ಅಂದರೆ ಅಲ್ಲಿ ಬೆಳಿಗ್ಗೆ ಒಂಬತ್ತಕ್ಕೆ, ಲಂಡನ್ ಮಾರುಕಟ್ಟೆ ತೆರೆಯುತ್ತದೆ. ಸ್ವಲ್ಪ ಹೊತ್ತಿಗೆ ಮೊಬೈಲಿಗೆ ಒಂದು ಅಂಕಿ ಬರುತ್ತದೆ. ಟನ್ನಿಗೆ ಇಷ್ಟು ಡಾಲರ್. ವ್ಯಾಪಾರಿ ಅದನ್ನು ರೂಪಾಯಿಗೆ ತಿರುಗಿಸಿ, ಔಟ್‌ಟರ್ನ್ (ಒಣ ಚೆರಿಯಿಂದ ಎಷ್ಟು ಬೀಜ ಸಿಗುತ್ತದೆ ಅನ್ನೋದು) ನೋಡಿ, 50 ಕೆ.ಜಿ. ಚೀಲಕ್ಕೆ ಇಷ್ಟು ಅಂತ ಹೇಳುತ್ತಾರೆ. ನಾವು ಕೊಡೋದೋ, ಇನ್ನೊಂದು ವಾರ ಕಾಯೋದೋ ಅಂತ ತಲೆ ಕೆರೆದುಕೊಳ್ಳುತ್ತೇವೆ.

ಇದರಲ್ಲಿ ಒಂದು ವಿಚಿತ್ರ ಇದೆ. ಲಂಡನ್‌ನಲ್ಲಿ ಒಂದು ಕಾಫಿ ತೋಟ ಇಲ್ಲ. ರೇಟು ಹೇಳೋದು ಅವರ ಪೌಂಡಿನಲ್ಲಿ ಅಲ್ಲ, ಅಮೆರಿಕದ ಡಾಲರಿನಲ್ಲಿ. ಆ ಮಾರುಕಟ್ಟೆಯ ಮಾಲೀಕರೂ ಅಮೆರಿಕದವರು, ಅಟ್ಲಾಂಟಾದ ಕಂಪನಿ. ಆ ಲೆಕ್ಕದ ಕಾಫಿ ಬಹಳಷ್ಟು ಇರೋದು ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನ ಗೋದಾಮುಗಳಲ್ಲಿ. ಎಲ್ಲಕ್ಕಿಂತ ಜಾಸ್ತಿ ರೋಬಸ್ಟಾ ಬೆಳೆಯೋದು ವಿಯೆಟ್ನಾಂ. ಹಾಗಿದ್ದ ಮೇಲೆ ಲಂಡನ್ ಯಾಕೆ? ಇವತ್ತು ನಾನು ಮಾತಾಡೋದು ಈ ಒಂದು ಪ್ರಶ್ನೆಯ ಬಗ್ಗೆ. ಅರಮನೆ, ರಾಜಮನೆತನ, ಗಡಿಯಾರದ ಗೋಪುರ ಎಲ್ಲ ಟಿವಿಯಲ್ಲಿ ನೋಡಿರುತ್ತೀರಿ. ಅದನ್ನು ಬಿಡೋಣ.

ಶುರುವಿನಿಂದ ಬರೋಣ. ರೋಮನ್ನರು ಬ್ರಿಟನ್ನಿಗೆ ದಂಡೆತ್ತಿ ಬಂದದ್ದು ಕ್ರಿ.ಶ. 43ರಲ್ಲಿ. ಥೇಮ್ಸ್ ನದಿಗೆ ಸೇತುವೆ ಕಟ್ಟಲು ಅವರಿಗೆ ಗಟ್ಟಿ ನೆಲ ಬೇಕಿತ್ತು. ಅಂಥ ಒಂದು ಜಾಗ ಸಿಕ್ಕಿತು. ಅಲ್ಲಿಯವರೆಗೆ ಸಮುದ್ರದ ಉಬ್ಬರವೂ ಬರುತ್ತಿತ್ತು. ಉಬ್ಬರದ ಜೊತೆ ಹಡಗು ಒಳಗೆ ಬರಬಹುದು, ಇಳಿತದ ಜೊತೆ ಹೊರಗೆ ಹೋಗಬಹುದು. ಸೇತುವೆ ಮೇಲೆ ರಸ್ತೆ, ಕೆಳಗೆ ಬಂದರು. ಊರು ಹುಟ್ಟಲು ಇನ್ನೇನು ಬೇಕು? ಅಲ್ಲಿ ಮೊದಲೇ ಕೋಟೆ ಕಟ್ಟಿಕೊಂಡ ರಾಜ ಇರಲಿಲ್ಲ, ದೊಡ್ಡ ದೇವಸ್ಥಾನವೂ ಇರಲಿಲ್ಲ. ವ್ಯಾಪಾರಕ್ಕೆ ಅಂತಲೇ ಹುಟ್ಟಿದ ಊರು ಅದು.

ಇದಕ್ಕೆ ಒಂದು ಒಳ್ಳೆಯ ಸಾಕ್ಷಿ ಈಚೆಗೆ ಸಿಕ್ಕಿದೆ. 2010ರ ನಂತರ ಲಂಡನ್‌ನ ಹಳೇ ಭಾಗದಲ್ಲಿ ಒಂದು ದೊಡ್ಡ ಕಚೇರಿಗೆ ಪಾಯ ತೆಗೆಯುತ್ತಿದ್ದರು. ಕೆಸರಿನಲ್ಲಿ ನಾನೂರಕ್ಕೂ ಹೆಚ್ಚು ಮರದ ಹಲಗೆಗಳು ಸಿಕ್ಕವು. ರೋಮನ್ನರ ಕಾಲದ ಬರೆಯುವ ಹಲಗೆಗಳು. ಹಲಗೆಯ ನಡುವೆ ತಗ್ಗು ಮಾಡಿ, ಮೇಣ ಸುರಿದು, ಕಬ್ಬಿಣದ ಕಡ್ಡಿಯಿಂದ ಬರೆಯುತ್ತಿದ್ದರು. ಎರಡು ಸಾವಿರ ವರ್ಷದಲ್ಲಿ ಮೇಣ ಹೋಗಿದೆ. ಆದರೆ ಒತ್ತಿ ಬರೆದ ಕಡೆ ಮರದ ಮೇಲೆ ಗೀರು ಉಳಿದಿದೆ. ಅದನ್ನೇ ಓದಿದರು. ಅದರಲ್ಲಿ ಒಂದರ ತಾರೀಖು ಕ್ರಿ.ಶ. 57, ಜನವರಿ 8. ಬ್ರಿಟನ್ನಿನಲ್ಲಿ ಸಿಕ್ಕಿರುವ, ತಾರೀಖು ಇರುವ ಕೈಬರಹಗಳಲ್ಲಿ ಅದೇ ಅತಿ ಹಳೆಯದು. ಏನು ಬರೆದಿದೆ ಗೊತ್ತಾ? ಟಿಬುಲ್ಲಸ್ ಎಂಬುವನು ಗ್ರಾಟಸ್ ಎಂಬುವನಿಗೆ ಸರಕಿನ ಬಾಬ್ತು 105 ದಿನಾರಿ (ರೋಮನ್ನರ ಬೆಳ್ಳಿ ನಾಣ್ಯ) ಕೊಡಬೇಕು ಅಂತ. ಸಾಲದ ಪತ್ರ! ಇಬ್ಬರೂ ಗುಲಾಮಗಿರಿಯಿಂದ ಬಿಡುಗಡೆಯಾದವರು. ಆ ಊರಿಗೆ ಆಗ ಹತ್ತು ವರ್ಷ ತುಂಬಿತ್ತೋ ಇಲ್ಲವೋ. ಆಗಲೇ ಸಾಲ, ಬಾಕಿ, ಕೈಬರಹ. ಲಂಡನ್ ಅಂದರೆ ಏನು ಅಂತ ನನ್ನನ್ನು ಕೇಳಿದರೆ ನಾನು ಆ ಹಲಗೆಯನ್ನೇ ತೋರಿಸುತ್ತೇನೆ.

ಮೂರ್ನಾಲ್ಕು ವರ್ಷದಲ್ಲಿ ಬೌಡಿಕಾ ಎಂಬ ರಾಣಿ ರೋಮನ್ನರ ಮೇಲೆ ದಂಗೆ ಎದ್ದು ಊರನ್ನೇ ಸುಟ್ಟಳು. ಇವತ್ತಿಗೂ ಆಳವಾಗಿ ಅಗೆದರೆ ಸುಟ್ಟ ಕೆಂಪು ಮಣ್ಣಿನ ಪದರ ಸಿಗುತ್ತದೆ. ಊರು ಮತ್ತೆ ಎದ್ದಿತು. ಐದನೇ ಶತಮಾನದ ಆರಂಭದಲ್ಲಿ ರೋಮನ್ನರು ಹೋದ ಮೇಲೆ ಗೋಡೆಯೊಳಗಿನ ಊರು ಬಹುಪಾಲು ಪಾಳು ಬಿತ್ತು. 886ರಲ್ಲಿ ಆಲ್‌ಫ್ರೆಡ್ ರಾಜ ಅದನ್ನು ಮತ್ತೆ ನೆಲೆಗೊಳಿಸಿದ.

ಮುಂದೆ ನಡೆದ ಒಂದು ಸಂಗತಿ ನನಗೆ ಮುಖ್ಯ ಅನಿಸುತ್ತದೆ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಗೆದ್ದವನು ಲಂಡನ್ ವ್ಯಾಪಾರಿಗಳನ್ನು ಎದುರು ಹಾಕಿಕೊಳ್ಳಲಿಲ್ಲ. ನಿಮ್ಮ ಹಳೇ ಕಾನೂನು, ಹಕ್ಕು ಎಲ್ಲ ನಿಮಗೇ ಇರಲಿ ಅಂತ ಒಂದು ಸನದು ಬರೆದುಕೊಟ್ಟ. ಆ ಚರ್ಮದ ಚೂರು ಒಂದು ಗೇಣಿನಷ್ಟೂ ಉದ್ದವಿಲ್ಲ, ಇಂದಿಗೂ ಜೋಪಾನವಾಗಿದೆ. ಅದನ್ನು ಬರೆಸಿದ್ದು ರಾಜನ ಫ್ರೆಂಚಿನಲ್ಲಲ್ಲ, ಜನರ ಹಳೇ ಇಂಗ್ಲಿಷಿನಲ್ಲಿ. ಜೊತೆಗೆ ಊರಿನ ಅಂಚಿಗೆ ಒಂದು ಕೋಟೆಯನ್ನೂ ಎಬ್ಬಿಸಿದ ಅನ್ನಿ. ಅದೇ ಟವರ್ ಆಫ್ ಲಂಡನ್. ಹಕ್ಕು ಕೊಟ್ಟರೂ ಕಣ್ಣು ಇಟ್ಟಿರಬೇಕಲ್ಲ.

ಅಲ್ಲಿಂದ ಎರಡು ಊರುಗಳು ಬೆಳೆದವು. ನದಿಯ ಮೇಲ್ಭಾಗದಲ್ಲಿ ವೆಸ್ಟ್‌ಮಿನ್‌ಸ್ಟರ್, ರಾಜ ಮತ್ತು ಪಾರ್ಲಿಮೆಂಟ್ ಇರುವ ಕಡೆ. ಮೂರು ಕಿಲೋಮೀಟರಿನಷ್ಟು ಕೆಳಗೆ 'ಸಿಟಿ', ದುಡ್ಡು ಇರುವ ಕಡೆ. ಸಿಟಿ ಅಂದರೆ ಇಡೀ ಲಂಡನ್ ಅಲ್ಲ, ಹಳೇ ಗೋಡೆಯೊಳಗಿನ ಊರು ಮತ್ತು ಅದರ ಅಂಚು ಸೇರಿ ಸುಮಾರು ಒಂದು ಚದರ ಮೈಲಿ ಜಾಗ. ಇವತ್ತಿಗೂ ಅದಕ್ಕೆ ಬೇರೆಯೇ ಪೊಲೀಸು, ಬೇರೆಯೇ ಮೇಯರ್. 2021ರ ಜನಗಣತಿಯಲ್ಲಿ ಅಲ್ಲಿ ವಾಸ ಮಾಡುವವರು ಹತ್ತು ಸಾವಿರವೂ ಇರಲಿಲ್ಲ. ಕೆಲಸಕ್ಕೆ ಬಂದು ಹೋಗುವವರು ಲಕ್ಷಗಟ್ಟಲೆ. ರಾಜನಿಗೆ ಯುದ್ಧಕ್ಕೆ ದುಡ್ಡು ಬೇಕಾದಾಗ ಸಿಟಿಯವರ ಹತ್ತಿರ ಬರಬೇಕು. ಸಿಟಿಯವರಿಗೆ ದೂರ ದೇಶದ ವ್ಯಾಪಾರದ ಹಕ್ಕು ಬೇಕಾದಾಗ ರಾಜನ ಹತ್ತಿರ ಹೋಗಬೇಕು. ಇಂಥ ಒಂದು ಕೊಡುಕೊಳ್ಳುವಿಕೆಯಲ್ಲೇ 1600ರ ಡಿಸೆಂಬರ್ 31ರಂದು ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು. ಕಂಪನಿ ಕಥೆಗೆ ಆಮೇಲೆ ಬರುತ್ತೇನೆ, ಅದರಲ್ಲಿ ನಮ್ಮ ಪಾಲೂ ಇದೆ.

ಈಗ ಕಾಫಿ. ಇಲ್ಲಿ ಕೂತಿರುವ ಬೆಳೆಗಾರರು ಸ್ವಲ್ಪ ಹೆಮ್ಮೆ ಪಟ್ಟುಕೊಳ್ಳಬಹುದು. ಲಂಡನ್ನಿನ ದುಡ್ಡಿನ ಲೋಕ ದೊಡ್ಡದಾಗಿದ್ದು ಕಾಫಿ ಕುಡಿಯುತ್ತಾ.

1652ರಲ್ಲಿ ಪಾಸ್ಕ್ವಾ ರೋಸೆ ಎಂಬುವನು ಲಂಡನ್ನಿನ ಮೊದಲ ಕಾಫಿ ಅಂಗಡಿ ತೆರೆದ. ತುರ್ಕಿಯ ಕಡೆಯಿಂದ ಒಬ್ಬ ವ್ಯಾಪಾರಿಯ ಆಳಾಗಿ ಬಂದವನು. ಕಾರ್ನ್‌ಹಿಲ್ ರಸ್ತೆಯ ಪಕ್ಕ ಸೇಂಟ್ ಮೈಕಲ್ ಓಣಿ ಅಂತ ಇದೆ. ಸಣ್ಣ ಓಣಿ, ಎರಡೂ ಕಡೆ ಎತ್ತರದ ಗೋಡೆ, ಮಧ್ಯಾಹ್ನವೂ ಮಬ್ಬು. ಅಂಗಡಿ ಇದ್ದ ಜಾಗದಲ್ಲಿ ಈಗ ಒಂದು ಹಳೇ ಪಬ್ ಇದೆ. ಲಂಡನ್ನಿನ ಮೊದಲ ಕಾಫಿ ಮನೆ ಇಲ್ಲಿತ್ತು ಅಂತ ಗೋಡೆ ಮೇಲೆ ಒಂದು ಫಲಕ. ಅಷ್ಟೇ.

ಒಂದು ಪೆನ್ನಿ ಕೊಟ್ಟರೆ ಒಳಗೆ ಜಾಗ. ಕಾಫಿ, ಪತ್ರಿಕೆ, ಹರಟೆ. ಪಕ್ಕದಲ್ಲಿ ಯಾರು ಬೇಕಾದರೂ ಕೂರಬಹುದು. ಹೆಂಗಸರಿಗೆ ಮಾತ್ರ ಗಿರಾಕಿಗಳಾಗಿ ಅಲ್ಲಿ ಜಾಗ ಇರಲಿಲ್ಲ, ಅದನ್ನೂ ಹೇಳಬೇಕು. ಎರಡನೇ ಚಾರ್ಲ್ಸ್ ರಾಜನಿಗೆ ಈ ಹರಟೆ ಹಿಡಿಸಲಿಲ್ಲ. ಜನ ಕೂತು ಸರ್ಕಾರವನ್ನು ಬೈಯುತ್ತಾರೆ ಅಂತ 1675ರ ಡಿಸೆಂಬರಿನಲ್ಲಿ ಕಾಫಿ ಮನೆಗಳನ್ನೆಲ್ಲ ಮುಚ್ಚಿಸಲು ಆಜ್ಞೆ ಹೊರಡಿಸಿದ. ಎಷ್ಟು ಗಲಾಟೆ ಆಯಿತು ಅಂದರೆ, ಕೆಲವೇ ದಿನಗಳಲ್ಲಿ ವಾಪಸು ತೆಗೆದುಕೊಂಡ.

ಒಂದೊಂದು ಕಾಫಿ ಮನೆಗೆ ಒಂದೊಂದು ಕಸುಬಿನವರು ಸೇರತೊಡಗಿದರು. ಎಡ್ವರ್ಡ್ ಲಾಯ್ಡ್ ಎಂಬುವನ ಕಾಫಿ ಮನೆಗೆ ಹಡಗಿನ ಕಪ್ತಾನರು, ಹಡಗಿನ ಮಾಲೀಕರು ಬರುತ್ತಿದ್ದರು. ಯಾವ ಹಡಗು ಎಲ್ಲಿದೆ, ಯಾವುದು ಮುಳುಗಿತು ಅಂತ ಮೊದಲು ಸುದ್ದಿ ಬರುತ್ತಿದ್ದದ್ದು ಅಲ್ಲಿಗೆ. ಸುದ್ದಿ ಇದ್ದ ಕಡೆ ವಿಮೆ ಬಂತು. ಹಡಗು ಮುಳುಗಿದರೆ ನಷ್ಟದಲ್ಲಿ ನನ್ನ ಪಾಲು ಇಷ್ಟು ಅಂತ ದುಡ್ಡಿರುವವರು ಒಬ್ಬೊಬ್ಬರಾಗಿ ಸಹಿ ಹಾಕುತ್ತಿದ್ದರು. ಅದೇ ಮುಂದೆ ಜಗತ್ತಿನ ದೊಡ್ಡ ವಿಮಾ ಮಾರುಕಟ್ಟೆ ಲಾಯ್ಡ್ಸ್ ಆಯಿತು. ಅಲ್ಲಿನ ಸಿಬ್ಬಂದಿಯನ್ನು ಇವತ್ತಿಗೂ ವೇಟರ್ ಅಂತಲೇ ಕರೆಯುತ್ತಾರೆ. ಇನ್ನೊಂದು ಕಡೆ, ಜೊನಾಥನ್ ಅವರ ಕಾಫಿ ಮನೆಯಲ್ಲಿ, ಷೇರು ಮಾರುವವರು ಸೇರುತ್ತಿದ್ದರು. 1698ರಲ್ಲಿ ಜಾನ್ ಕ್ಯಾಸ್ಟೆಯ್ನ್ ಅಲ್ಲಿ ಕೂತು ಷೇರು ಮತ್ತು ಸರಕುಗಳ ರೇಟಿನ ಪಟ್ಟಿ ಹೊರಡಿಸಲು ಶುರು ಮಾಡಿದ. ಅಲ್ಲಿಂದ ಬೆಳೆದದ್ದು ಲಂಡನ್ ಷೇರುಪೇಟೆ. ಈಗ ನಿಮ್ಮ ಮೊಬೈಲಿಗೆ ಬರುವ ಅಂಕಿ ಇದೆಯಲ್ಲ, ಅದರ ಮುತ್ತಜ್ಜ ಆ ಪಟ್ಟಿ.

ಲಾಯ್ಡ್ಸ್ ಕಥೆಯನ್ನು ಹೇಳುವಾಗ ಒಂದು ಮಾತು ಬಿಡಬಾರದು. ಆಫ್ರಿಕಾದಿಂದ ಜನರನ್ನು ಗುಲಾಮರಾಗಿ ಹೊತ್ತೊಯ್ದ ಹಡಗುಗಳಿಗೂ ಅಲ್ಲೇ ವಿಮೆ ಆಗುತ್ತಿತ್ತು. 2020ರಲ್ಲಿ ಲಾಯ್ಡ್ಸ್ ಅದಕ್ಕೆ ಕ್ಷಮೆ ಕೇಳಿತು. ಲಂಡನ್ನಿನ ಹೊಳಪನ್ನು ನೋಡುವಾಗ ಈ ಲೆಕ್ಕವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು.

ಇದರ ನಡುವೆ 1665ರಲ್ಲಿ ಪ್ಲೇಗ್ ಬಂದು ಸುಮಾರು ಒಂದು ಲಕ್ಷ ಜನ ಸತ್ತರು. ಮರುವರ್ಷ ಸೆಪ್ಟೆಂಬರಿನಲ್ಲಿ ಒಂದು ಬೇಕರಿಯಲ್ಲಿ ಹತ್ತಿದ ಬೆಂಕಿ 13,000ಕ್ಕೂ ಹೆಚ್ಚು ಮನೆಗಳನ್ನು ತಿಂದಿತು. ಈಗ ಇಡೀ ಊರನ್ನು ಹೊಸದಾಗಿ, ಅಗಲ ರಸ್ತೆ ಬಿಟ್ಟು ಕಟ್ಟೋಣ ಅಂತ ಕ್ರಿಸ್ಟೋಫರ್ ರೆನ್ ಮುಂತಾದವರು ನಕ್ಷೆ ಹಾಕಿದರು. ಒಂದೂ ನಡೆಯಲಿಲ್ಲ. ಯಾಕೆ? ಜಾಗದ ತಕರಾರು. ಯಾರ ಗಡಿ ಎಲ್ಲಿ, ಬಾಡಿಗೆದಾರ ಕಟ್ಟಬೇಕೋ ಮಾಲೀಕ ಕಟ್ಟಬೇಕೋ. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ದಾಖಲೆ ಸರಿ ಮಾಡಿಸಲು ಓಡಾಡಿದವರಿಗೆ ನಾನು ಜಾಸ್ತಿ ವಿವರಿಸಬೇಕಿಲ್ಲ, ಅಲ್ವಾ? ಆದರೆ ಒಂದು ಒಳ್ಳೆಯ ಕೆಲಸ ಮಾಡಿದರು. ಬೆಂಕಿಯ ತಕರಾರುಗಳಿಗೆಂದೇ ಒಂದು ಬೇರೆ ಕೋರ್ಟು ಕೂರಿಸಿದರು. ಜಡ್ಜುಗಳು ಎರಡೂ ಕಡೆಯವರನ್ನು ಕರೆದು, ಬೇಗ ಬೇಗ ತೀರ್ಮಾನ ಕೊಟ್ಟರು. ಊರು ಹಳೇ ಓಣಿಗಳ ಮೇಲೇ ಮತ್ತೆ ಎದ್ದಿತು, ಈ ಸಲ ಇಟ್ಟಿಗೆಯಲ್ಲಿ. ಕಾಫಿ ಮನೆಯ ಆ ಓಣಿ ಇವತ್ತಿಗೂ ಓಣಿಯಾಗೇ ಉಳಿದಿರೋದು ಇದರಿಂದ. ಲಂಡನ್ ಎಂಬ ಹೆಸರಿಗೆ ಬಂದ ನಂಬಿಕೆಗೆ ಇಂಥ ಕೋರ್ಟುಗಳು ಕಾರಣ ಅಂತ ನನ್ನ ಅಭಿಪ್ರಾಯ. ಇವತ್ತು ಗ್ರೀಸಿನ ಹಡಗಿನವನು, ಚೀನಾದ ವ್ಯಾಪಾರಿ ಒಪ್ಪಂದ ಮಾಡಿಕೊಂಡರೂ, ತಕರಾರು ಬಂದರೆ ಇಂಗ್ಲಿಷ್ ಕಾನೂನಿನಂತೆ ಲಂಡನ್ನಿನಲ್ಲಿ ತೀರಲಿ ಅಂತ ಬರೆದುಕೊಳ್ಳೋದು ಮಾಮೂಲು.

ಈಗ ನಮ್ಮ ಪಾಲಿನ ಕಥೆ. ಕಂಪನಿಯ ಕಚೇರಿ ಇದ್ದದ್ದು ಸಿಟಿಯ ಲೆಡನ್‌ಹಾಲ್ ಬೀದಿಯಲ್ಲಿ. 1834ರಲ್ಲಿ ಕೊಡಗಿನ ಮೇಲೆ ದಂಡು ಕಳಿಸಿದವನು ಗವರ್ನರ್ ಜನರಲ್ ಬೆಂಟಿಂಕ್. ಆದರೆ ಅವನೂ ಲೆಕ್ಕ ಒಪ್ಪಿಸಬೇಕಿದ್ದದ್ದು ಆ ಬೀದಿಗೇ. ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರ ರಾಜ್ಯ ಕಳೆದುಕೊಂಡು, ವೆಲ್ಲೂರು ಆಗಿ, ಕಾಶಿ ಸೇರಿದ. ಅವನ ಮೇಲೆ ನಮ್ಮಲ್ಲಿ ಎರಡು ಅಭಿಪ್ರಾಯ ಇದೆ, ಇಲ್ಲಿ ಜಗಳ ಬೇಡ. 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಕಂಪನಿ ತನಗೆ ಕೊಡಬೇಕಾದ ದುಡ್ಡಿಗಾಗಿ ಅಲ್ಲಿನ ಕೋರ್ಟಿನಲ್ಲಿ ಕಂಪನಿಯ ಮೇಲೇ ದಾವೆ ಹಾಕಿದ. ನೋಡಿ, ರಾಜ್ಯ ಕಿತ್ತುಕೊಂಡವರ ಊರಿನಲ್ಲೇ ನ್ಯಾಯ ಸಿಗಬಹುದು ಅಂತ ಅವನಿಗೂ ಅನಿಸಿತ್ತು! ದುಡ್ಡು ಕೈಗೆ ಬರಲಿಲ್ಲ. 1859ರಲ್ಲಿ ಅಲ್ಲೇ ತೀರಿಕೊಂಡ. ನಂಬಿಕೆ ಬೇರೆ, ನ್ಯಾಯ ಬೇರೆ.

ಗೌರಮ್ಮನಿಗೆ ಆಗ ಹನ್ನೊಂದು ವರ್ಷ. ಅವಳನ್ನು ಕ್ರೈಸ್ತ ಧರ್ಮಕ್ಕೆ ಸೇರಿಸಿದರು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ಅರಮನೆಯ ಚಿತ್ರಕಾರ ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ. ಬ್ರಿಟಿಷ್ ಸೈನ್ಯಾಧಿಕಾರಿಯೊಬ್ಬನ ಜೊತೆ ಮದುವೆ ಆಯಿತು, ಒಂದು ಹೆಣ್ಣು ಮಗು ಹುಟ್ಟಿತು. 1864ರಲ್ಲಿ, ಇನ್ನೂ 22ರ ವಯಸ್ಸಿನಲ್ಲಿ, ಹೋಗಿಬಿಟ್ಟಳು. ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ಅವಳ ಬಗ್ಗೆ ಬರೆದವರೆಲ್ಲ ರಾಣಿಯ ಪ್ರೀತಿಯನ್ನೇ ಜಾಸ್ತಿ ಹೇಳುತ್ತಾರೆ. ನನಗೆ ಅದು ಅಷ್ಟು ಸಲೀಸಾಗಿ ಒಪ್ಪಿಗೆಯಾಗುವುದಿಲ್ಲ. ಮಗಳನ್ನು ಅಪ್ಪನಿಂದ ದೂರ ಇಟ್ಟ ಪ್ರೀತಿ ಅದು.

ರಾಜ ಅಲ್ಲಿ ಕೋರ್ಟು ಅಲೆಯುತ್ತಿದ್ದ ಅದೇ ಕಾಲದಲ್ಲಿ, 1854ರಲ್ಲಿ, ಇಲ್ಲಿ ಮಡಿಕೇರಿಯಲ್ಲಿ ಫೌಲರ್ ಎಂಬ ಯೂರೋಪಿನ ಪ್ಲಾಂಟರ್ ಕಾಫಿ ತೋಟ ತೆರೆದ. ಅವನ ಹಿಂದೆ ಸಾಲಾಗಿ ಬಂದರು. ಇಲ್ಲಿನ ಕಾಫಿ ಘಟ್ಟ ಇಳಿದು, ಕರಾವಳಿಯಲ್ಲಿ ಹಡಗು ಹತ್ತಿ, ಲಂಡನ್ನಿಗೆ ಹೋಗತೊಡಗಿತು. ಕಂಪನಿಯ ಆಳ್ವಿಕೆ 1858ಕ್ಕೆ ಮುಗಿಯಿತು. ಸ್ವಲ್ಪ ವರ್ಷದಲ್ಲಿ ಆ ಕಚೇರಿ ಕಟ್ಟಡವನ್ನೇ ಕೆಡವಿದರು. ಅದು ಇದ್ದ ಜಾಗದಲ್ಲಿ ಈಗ ಯಾವ ಕಟ್ಟಡ ಇದೆ ಹೇಳಿ? ಲಾಯ್ಡ್ಸ್. 1986ರಲ್ಲಿ ತೆರೆದ, ಕೊಳವೆಗಳನ್ನೆಲ್ಲ ಹೊರಗೇ ಬಿಟ್ಟಿರುವ ಉಕ್ಕಿನ ಕಟ್ಟಡ. ಕಾಫಿ ಮನೆಯಲ್ಲಿ ಹುಟ್ಟಿದ ವ್ಯಾಪಾರ, ಕಾಫಿ ನಾಡನ್ನು ನುಂಗಿದ ಕಂಪನಿಯ ಜಾಗದಲ್ಲಿ ಕೂತಿದೆ.

ಹತ್ತೊಂಬತ್ತನೇ ಶತಮಾನದ ಲಂಡನ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸುಮಾರು ನೂರು ವರ್ಷ ಅದೇ ಜಗತ್ತಿನ ಅತಿ ದೊಡ್ಡ ಊರು. 1801ರಲ್ಲಿ ಹತ್ತಿರ ಹತ್ತಿರ ಹತ್ತು ಲಕ್ಷ ಇದ್ದ ಜನ 1901ಕ್ಕೆ 65 ಲಕ್ಷ. ಕೊಳಕೂ ಅಷ್ಟೇ. 1854ರಲ್ಲಿ ಜಾನ್ ಸ್ನೋ ಎಂಬ ವೈದ್ಯ ಸೋಹೋದಲ್ಲಿ ಸತ್ತವರ ಮನೆಗಳನ್ನು ಗುರುತು ಹಾಕಿ, ಕಾಲರಾ ಹರಡಿದ್ದು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನಿಂದ ಅಂತ ತೋರಿಸಿದ. ಜನ ತಕ್ಷಣ ನಂಬಲಿಲ್ಲ. 1858ರ ಬೇಸಿಗೆಯಲ್ಲಿ ಥೇಮ್ಸ್ ಎಷ್ಟು ನಾರಿತು ಅಂದರೆ ಪಾರ್ಲಿಮೆಂಟಿನ ಪರದೆಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ ಕಟ್ಟಿದರು. ವಾಸನೆ ತಮ್ಮ ಮೂಗಿಗೇ ಬಂದಾಗ ಕಾನೂನು ಬೇಗ ಪಾಸಾಯಿತು! ಬ್ಯಾಜಲ್ಜೆಟ್ ಎಂಬ ಇಂಜಿನಿಯರ್ ಊರಿನ ಕೆಳಗೆ ದೊಡ್ಡ ಚರಂಡಿಗಳನ್ನು ಕಟ್ಟಿದ. ಮಡಿಕೇರಿಯಲ್ಲಿ ಸಾಲು ರಜೆ ಬಂದಾಗ ಕಸದ ರಾಶಿ ನೋಡಿದರೆ ನನಗೆ ಅವನ ನೆನಪಾಗುತ್ತದೆ. 1863ರಲ್ಲಿ ನೆಲದ ಕೆಳಗೆ ರೈಲು ಓಡಿತು, ಜಗತ್ತಿನಲ್ಲೇ ಮೊದಲು, ಅದೂ ಹೊಗೆ ಕಾರುವ ಉಗಿ ಬಂಡಿ. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ದೇಶಗಳು ಸೇರಿ, ಲಂಡನ್ನಿನ ಗ್ರೀನಿಚ್ ಮೂಲಕ ಹಾದುಹೋಗುವ ಗೆರೆಯೇ ಸೊನ್ನೆ ರೇಖಾಂಶ ಅಂತ ತೀರ್ಮಾನಿಸಿದವು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ.

ಲಂಡನ್ನಿಗೆ ಬುದ್ಧಿ ಹೇಳಲು ಲಂಡನ್ನಿಗೇ ಹೋಗಬೇಕು ಅಂತ ನಮ್ಮವರಿಗೂ ಗೊತ್ತಿತ್ತು. ದಾದಾಭಾಯಿ ನವರೋಜಿ 1892ರಲ್ಲಿ ಅಲ್ಲಿನ ಫಿನ್ಸ್‌ಬರಿ ಸೆಂಟ್ರಲ್ ಕ್ಷೇತ್ರದಿಂದಲೇ ಗೆದ್ದು ಪಾರ್ಲಿಮೆಂಟಿಗೆ ಹೋದರು. ಭಾರತದ ಸಂಪತ್ತು ಹೇಗೆ ಸೋರಿ ಹೋಗುತ್ತಿದೆ ಅಂತ ಲೆಕ್ಕ ಸಮೇತ ಹೇಳಿದವರು ಅವರು. 2015ರಲ್ಲಿ ಪಾರ್ಲಿಮೆಂಟಿನ ಎದುರು ದಡದಲ್ಲಿ ಬಸವಣ್ಣನ ಪ್ರತಿಮೆಯೂ ಬಂತು.

1940ರ ಸೆಪ್ಟೆಂಬರ್ 7ರಿಂದ ಜರ್ಮನ್ನರು 57 ರಾತ್ರಿ ಬಿಡದೆ ಬಾಂಬು ಹಾಕಿದರು. ಯುದ್ಧ ಮುಗಿದು, ಸಾಮ್ರಾಜ್ಯ ಹೋಯಿತು. 1960ರ ನಂತರ ಕಂಟೇನರ್ ಹಡಗುಗಳು ಬಂದವು. ಅಷ್ಟು ದೊಡ್ಡ ಹಡಗು ಒಳಗಿನ ಹಳೇ ಬಂದರಿಗೆ ಬರಲ್ಲ. 1981ರ ಹೊತ್ತಿಗೆ ಆ ಹಡಗುಕಟ್ಟೆಗಳೆಲ್ಲ ಮುಚ್ಚಿದವು. ಸರಕು ಹೋಯಿತು, ಸರಕಿನ ರೇಟು ಮಾತ್ರ ಅಲ್ಲೇ ಉಳಿಯಿತು. ನನ್ನ ಪ್ರಶ್ನೆಗೆ ಉತ್ತರ ಇಲ್ಲಿದೆ ಅಂತ ನನಗನಿಸುತ್ತದೆ. ಸರಕು ಒಂದು ವಾರದಲ್ಲಿ ಬಂದರು ಬದಲಾಯಿಸಬಹುದು. ವಕೀಲರು, ವಿಮೆಯವರು, ದಲ್ಲಾಳಿಗಳು, ಬ್ಯಾಂಕಿನವರು ಒಂದೇ ಚದರ ಮೈಲಿಯಲ್ಲಿ ಮುನ್ನೂರು ವರ್ಷ ಕೂತು ಬೆಳೆಸಿಕೊಂಡ ರೂಢಿ ಹಾಗೆ ಬದಲಾಗಲ್ಲ. ಗಡಿಯಾರದ ಅನುಕೂಲವೂ ಇದೆ. ಬೆಳಿಗ್ಗೆ ಏಷ್ಯಾದ ಜೊತೆ, ಸಂಜೆ ಅಮೆರಿಕದ ಜೊತೆ ಮಾತಾಡಬಹುದು. 2022ರ ಲೆಕ್ಕದಂತೆ ಜಗತ್ತಿನಲ್ಲಿ ದಿನಕ್ಕೆ ಸುಮಾರು 7.5 ಲಕ್ಷ ಕೋಟಿ ಡಾಲರಿನಷ್ಟು ವಿದೇಶಿ ಹಣದ ವಹಿವಾಟು ನಡೆಯುತ್ತಿತ್ತು. ಅದರಲ್ಲಿ ಶೇ. 38 ಬ್ರಿಟನ್ನಿನಲ್ಲಿ, ಅಂದರೆ ಬಹುತೇಕ ಲಂಡನ್ನಿನಲ್ಲಿ.

ಅಂತರರಾಷ್ಟ್ರೀಯ ಕಾಫಿ ಸಂಸ್ಥೆ ಇರೋದೂ ಲಂಡನ್ನಿನಲ್ಲೇ, 1963ರಿಂದ. 2023ರಲ್ಲಿ ಬೆಂಗಳೂರಿನಲ್ಲಿ ವಿಶ್ವ ಕಾಫಿ ಸಮ್ಮೇಳನ ಆಯಿತಲ್ಲ, ಅದು ಈ ಸಂಸ್ಥೆಯದ್ದೇ. ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬೇಕು ಅಂತ ಆ ಸಂಸ್ಥೆಯ ಒಪ್ಪಂದದಲ್ಲಿ ಕೋಟಾ ಇತ್ತು. 1989ರಲ್ಲಿ ಅದು ಮುರಿದುಬಿತ್ತು, ಜಗತ್ತಿನಾದ್ಯಂತ ರೇಟು ಕುಸಿಯಿತು. ನಮಗೆ ಆಗ ಇನ್ನೂ ಕಾಫಿ ಬೋರ್ಡಿನ ಪೂಲ್ ಇತ್ತು. ಬೆಳೆದದ್ದನ್ನು ಬೋರ್ಡಿಗೆ ಕೊಡಬೇಕು, ಕಂತು ಕಂತಾಗಿ ದುಡ್ಡು ಬರಬೇಕು. 1990ರ ದಶಕದ ನಡುವೆ ಅದು ಹೋಗಿ ಮುಕ್ತ ಮಾರುಕಟ್ಟೆ ಬಂತು. ಲಂಡನ್ನಿನ ಅಂಕಿ ನೇರವಾಗಿ ನಮ್ಮ ಅಂಗಳಕ್ಕೆ ಬಂದದ್ದು ಆಗಲೇ. ಅದು ಮಾಡಿದ ಆಟ ನಿಮಗೇ ಗೊತ್ತು. 2001ರಲ್ಲಿ ರೋಬಸ್ಟಾ ಟನ್ನಿಗೆ 500 ಡಾಲರಿಗಿಂತ ಕೆಳಗೆ ಬಿದ್ದಾಗ ಕುಯ್ಲಿನ ಕೂಲಿಯೂ ಹುಟ್ಟುತ್ತಿರಲಿಲ್ಲ. 2024ರಲ್ಲಿ ವಿಯೆಟ್ನಾಂನಲ್ಲಿ ಬರ ಬಂದು 5,000 ದಾಟಿತು.

ಇನ್ನು ಸಭಿಕರ ಪ್ರಶ್ನೆಗಳು.

ಪೊಲಿಬೆಟ್ಟದ ಕಡೆಯ ಹಿರಿಯ ಬೆಳೆಗಾರರೊಬ್ಬರು ಕೇಳಿದರು: "ರೋಬಸ್ಟಾಕ್ಕೆ ಲಂಡನ್, ಅರೇಬಿಕಾಕ್ಕೆ ನ್ಯೂಯಾರ್ಕ್. ಇದು ಯಾಕೆ ಹೀಗೆ?"

ಯಾರು ಯಾರಿಂದ ಕೊಳ್ಳುತ್ತಿದ್ದರು ಅನ್ನೋದರ ಮೇಲೆ ನಿಂತ ಲೆಕ್ಕ ಸಾರ್. ನ್ಯೂಯಾರ್ಕಿನ ಕಾಫಿ ಮಾರುಕಟ್ಟೆ 1882ರದ್ದು. ಅವರಿಗೆ ಬರುತ್ತಿದ್ದದ್ದು ಬ್ರೆಜಿಲ್, ಕೊಲಂಬಿಯಾದ ಅರೇಬಿಕಾ. ಲಂಡನ್ನಿಗೆ ಉಗಾಂಡದಂಥ ಆಫ್ರಿಕಾದ ವಸಾಹತುಗಳ ರೋಬಸ್ಟಾ ಬರುತ್ತಿತ್ತು. ನ್ಯೂಯಾರ್ಕಿನಲ್ಲಿ ಪೌಂಡ್ ತೂಕಕ್ಕೆ ಸೆಂಟ್ ಲೆಕ್ಕ, ಲಂಡನ್ನಿನಲ್ಲಿ ಟನ್ನಿಗೆ ಡಾಲರ್ ಲೆಕ್ಕ. ಎರಡನ್ನೂ ಹೋಲಿಸಬೇಕಾದರೆ ಸೆಂಟಿನ ಅಂಕಿಯನ್ನು 22ರಿಂದ ಗುಣಿಸಿ, ಹೆಚ್ಚು ಕಡಿಮೆ ಟನ್ನಿನ ಡಾಲರ್ ಬರುತ್ತದೆ.

ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ಲಂಡನ್ನಿಗೆ ಹೋದರೆ ಇದನ್ನೆಲ್ಲ ನೋಡಬಹುದಾ?"

ನೋಡಬಹುದಮ್ಮ, ದುಡ್ಡೂ ಬೇಡ. ಬ್ಯಾಂಕ್ ಅಂತ ಸ್ಟೇಷನ್ ಇದೆ, ಅಲ್ಲಿ ಇಳಿದರೆ ಕಾರ್ನ್‌ಹಿಲ್ ಎದುರಿಗೇ. ಕಾಫಿ ಮನೆಯ ಓಣಿ ನೋಡಿಕೊಂಡು ಹತ್ತು ನಿಮಿಷ ನಡೆದರೆ ಲೆಡನ್‌ಹಾಲ್ ಬೀದಿ, ಲಾಯ್ಡ್ಸ್. ಆ ಸಾಲದ ಹಲಗೆ ಸಿಕ್ಕಿದ ಜಾಗವೂ ಅಲ್ಲಿಂದ ಹತ್ತಿರ. ಬ್ರಾಂಪ್ಟನ್ ಸ್ಮಶಾನಕ್ಕೆ ಡಿಸ್ಟ್ರಿಕ್ಟ್ ಲೈನ್ ಹಿಡಿದು ವೆಸ್ಟ್ ಬ್ರಾಂಪ್ಟನ್ನಿನಲ್ಲಿ ಇಳಿಯಬೇಕು, ಗೇಟು ಸ್ಟೇಷನ್ನಿನ ಪಕ್ಕದಲ್ಲೇ. ಸ್ಮಶಾನ ದೊಡ್ಡದು, ಗೌರಮ್ಮನ ಸಮಾಧಿ ಎಲ್ಲಿ ಅಂತ ಅಲ್ಲಿಯವರನ್ನು ಕೇಳಿಯೇ ಹೋಗು. ಮತ್ತೆ, ಸಿಟಿಗೆ ಶನಿವಾರ ಭಾನುವಾರ ಹೋಗಬೇಡ. ಕಚೇರಿಯವರು ಇರಲ್ಲ, ಅರ್ಧಕ್ಕರ್ಧ ಅಂಗಡಿ ಮುಚ್ಚಿರುತ್ತದೆ, ಒಂದು ಕಪ್ ಕಾಫಿಗೂ ಹುಡುಕಬೇಕಾಗುತ್ತದೆ.